ಉಗುರಿನಗಲದ ಗುಮಾಸ್ತ

ಹೈದರಾಬಾದಿನ ಈಶಾನ್ಯ ದಿಕ್ಕಿಗೆ ಹೊರಡುವ ನಗರ ಸಾರಿಗೆ ಬಸ್ಸುಗಳ ಹಣೆಪಟ್ಟಿಯ ಮೇಲೆ ‘ಇ.ಸಿ.ಐ.ಎಲ್.’ ಎಂಬ ಅಕ್ಷರಗಳನ್ನು ಕಾಣದ ನಗರವಾಸಿ ಇರಲಾರನು. ಅಂಗಡಿಗಳ ಸಾಲು, ಹಣ್ಣಿನ ತಳ್ಳುಗಾಡಿಗಳು, ಬಸ್ಸಿಗಾಗಿ ಕಾದಿರುವ ಜನ, ಇವುಗಳ ನಡುವೆ ಇಂದು ಅದೊಂದು ಕೂಡುರಸ್ತೆಯ ಹೆಸರಾಗಿ ಉಳಿದಿದೆ. ಅಲ್ಲಿಂದ ಅನತಿ ದೂರದಲ್ಲಿರುವ ಬಡಾವಣೆಗೆ ಎ. ಎಸ್. ರಾವ್ ನಗರವೆಂದು ಹೆಸರು. ಆ ಹೆಸರುಗಳನ್ನು ದಿನವೂ ಉಚ್ಚರಿಸುವವರಲ್ಲಿ ಎಷ್ಟು ಮಂದಿಗೆ ಅವುಗಳ ಹಿಂದಿನ ಕಥೆ ತಿಳಿದಿದೆಯೋ ಹೇಳುವುದು ಕಷ್ಟ. ಬ್ಯಾಂಕಿನ ಖಾತೆ ಪುಸ್ತಕದಿಂದ ಮತಗಟ್ಟೆಯವರೆಗೆ ನಮ್ಮ ಸಾರ್ವಜನಿಕ ಜೀವನವನ್ನು ಮಾರ್ಪಡಿಸಿದ ಒಂದು ಪುಟ್ಟ ವಸ್ತುವಿನ ಭಾರತೀಯ ಚರಿತ್ರೆಯಲ್ಲಿ ಈ ಕೂಡುರಸ್ತೆಗೆ ಗೌರವದ ಸ್ಥಾನವಿದೆ. ಆ ಪುಟ್ಟ ವಸ್ತುವೇ ಮೈಕ್ರೊಪ್ರೊಸೆಸರ್.

ಅಣುಶಕ್ತಿಯ ಮನೆಯಿಂದ ಬಂದ ಗಣಕ

ಡಾ. ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ 1963ರಲ್ಲಿ ನೇಮಕವಾದ ಎಲೆಕ್ಟ್ರಾನಿಕ್ಸ್ ಸಮಿತಿಯು, ಈ ವಿದ್ಯೆಯಲ್ಲಿ ದೇಶವು ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂದು ಪ್ರತಿಪಾದಿಸಿತು. ಈ ಆಶಯದ ಫಲವಾಗಿ 1967ರ ಏಪ್ರಿಲ್ 11ರಂದು ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಹೈದರಾಬಾದಿನಲ್ಲಿ ಜನ್ಮ ತಾಳಿತು. ಅದರ ಸ್ಥಾಪಕ ಸಾರಥಿ ಡಾ. ಅಯ್ಯಗಾರಿ ಸಾಂಬಶಿವ ರಾವ್. ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ಲು ಗ್ರಾಮದಲ್ಲಿ 1914ರಲ್ಲಿ ಜನಿಸಿದ ಇವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಉನ್ನತ ವ್ಯಾಸಂಗ ಮಾಡಿ ಬಂದು, ಭಾಭಾ ಅವರೊಡನೆ ದುಡಿದವರು.

ಟ್ರಾಂಬೆಯ ಅಣು ಸಂಶೋಧನ ಕೇಂದ್ರದಲ್ಲಿ ರೂಪುಗೊಂಡ ‘ಟಿ.ಡಿ.ಸಿ. 12’ ಎಂಬ ಗಣಕಯಂತ್ರವನ್ನು ಈ ಸಂಸ್ಥೆ 1969ರಲ್ಲಿ ಹೊರತಂದಿತು. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂಬುದರ ಸಂಕ್ಷೇಪವೇ ಈ ಹೆಸರು. 1974ರಲ್ಲಿ ‘ಟಿ.ಡಿ.ಸಿ. 312’, 1975ರಲ್ಲಿ ‘ಟಿ.ಡಿ.ಸಿ. 316’ ಬಂದವು. ಇವೆಲ್ಲವೂ ಬೀರುವಿನ ಗಾತ್ರದ ಯಂತ್ರಗಳು. 1978ರಲ್ಲಿ ಹೊರಬಂದ ‘ಮೈಕ್ರೊ 78’ ಮಾತ್ರ ಬೇರೆಯೇ ಜಾತಿಯದು. ಅದರ ಹೆಸರೇ ಸೂಚಿಸುವಂತೆ, ಅದರ ಹೃದಯಸ್ಥಾನದಲ್ಲಿದ್ದುದು ಮೈಕ್ರೊಪ್ರೊಸೆಸರ್.

ಅದೇ ವರ್ಷ ಇನ್ನೊಂದು ಮಹತ್ತ್ವದ ಘಟನೆ ಜರುಗಿತು. ವಿದೇಶೀ ವಿನಿಮಯ ನಿಯಂತ್ರಣ ಕಾನೂನಿನ ಷರತ್ತಿನಂತೆ ತನ್ನ ಷೇರುಗಳ ಬಹುಭಾಗವನ್ನು ಭಾರತೀಯರಿಗೆ ಬಿಟ್ಟುಕೊಡಲು ಒಪ್ಪದ ಐ.ಬಿ.ಎಂ. ಸಂಸ್ಥೆಯು 1978ರಲ್ಲಿ ಭಾರತವನ್ನು ತೊರೆಯಿತು. ದೈತ್ಯನು ಎದ್ದುಹೋದ ಜಾಗವನ್ನು ತುಂಬಲು ಕುಳ್ಳನೊಬ್ಬನು ಸಿದ್ಧನಾಗಿದ್ದನು.

ಒಂದು ಲೆಕ್ಕದ ಯಂತ್ರದಿಂದ ಹುಟ್ಟಿದ್ದು

ಮೈಕ್ರೊಪ್ರೊಸೆಸರಿನ ಹುಟ್ಟಿಗೆ ಕಾರಣವಾದದ್ದು ಯುದ್ಧವೂ ಅಲ್ಲ, ಬಾಹ್ಯಾಕಾಶಯಾನವೂ ಅಲ್ಲ. ಕೂಡಿ ಕಳೆಯುವ ಒಂದು ಮೇಜಿನ ಯಂತ್ರ ಅದಕ್ಕೆ ಕಾರಣ. ಜಪಾನಿನ ಬ್ಯುಸಿಕಾಂ ಎಂಬ ಕಂಪನಿಯು ತನ್ನ ಕ್ಯಾಲ್ಕ್ಯುಲೇಟರಿಗೆ ಬೇಕಾದ ಚಿಪ್‌ಗಳನ್ನು ತಯಾರಿಸಿಕೊಡಬೇಕೆಂದು ಅಮೆರಿಕದ ಇಂಟೆಲ್ ಕಂಪನಿಯನ್ನು ಕೇಳಿತು. ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್ ಮಾಡುವುದಕ್ಕಿಂತ, ಹೇಳಿದ ಆಜ್ಞೆಯನ್ನು ಓದಿ ಪಾಲಿಸುವ ಒಂದೇ ಚಿಪ್ ಮಾಡಿದರೆ ಸಾಲದೇ ಎಂಬ ವಿಚಾರ ಅಲ್ಲಿ ಮೂಡಿತು. ಹೀಗೆ 1971ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ‘4004’ರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಅದನ್ನು ರೂಪಿಸಿದವರಲ್ಲಿ ಇಟಲಿಯ ಫೆಡೆರಿಕೊ ಫ್ಯಾಜಿನ್ ಮತ್ತು ಜಪಾನಿನ ಮಸತೋಷಿ ಶಿಮಾ ಪ್ರಮುಖರು.

ಇವರಿಬ್ಬರೂ ಸೇರಿ ಬೆಳೆಸಿದ ‘8080’ 1974ರಲ್ಲಿ ಬಂದಿತು. ಬಿಡಿಯಾಗಿ ಅದರ ಬೆಲೆ 360 ಡಾಲರು, ಅಂದಿನ ವಿನಿಮಯ ದರದಲ್ಲಿ ಸುಮಾರು 2,900 ರೂಪಾಯಿ. ನಲವತ್ತು ಕಾಲುಗಳ ಜರಿಹುಳುವಿನಂತೆ ಕಾಣುವ ಅದರ ಹೊರಕವಚದೊಳಗೆ ಅಡಗಿದ್ದ ಸಿಲಿಕಾನ್ ಬಿಲ್ಲೆ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಇದನ್ನೇ ಬಳಸಿ ಅಮೆರಿಕದ ಒಂದು ಸಣ್ಣ ಕಂಪನಿ ತಯಾರಿಸಿದ ‘ಆಲ್ಟೇರ್ 8800’ ಎಂಬ ಗಣಕ 1975ರ ಜನವರಿಯಲ್ಲಿ ಒಂದು ಹವ್ಯಾಸಿ ಪತ್ರಿಕೆಯ ಮುಖಪುಟವನ್ನು ಅಲಂಕರಿಸಿತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಈ ಪೆಟ್ಟಿಗೆಗೆ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ನೆನಪಿನ ಶಕ್ತಿ ಕೇವಲ 256 ಬೈಟ್. ಆದರೂ ಸಾಮಾನ್ಯ ಮನುಷ್ಯನು ಒಂದು ಗಣಕವನ್ನು ‘ನನ್ನದು’ ಎಂದು ಕರೆಯಲು ಸಾಧ್ಯವಾದದ್ದು ಅಲ್ಲಿಂದ ಮುಂದೆ.

ಒಡಹುಟ್ಟುಗಳು ಬೇಗನೆ ಬಂದರು. 1975ರಲ್ಲಿ ಕೇವಲ 25 ಡಾಲರಿಗೆ ಮಾರಾಟಕ್ಕೆ ಬಂದ ‘6502’, ಆಪಲ್ ಮೊದಲಾದ ಗಣಕಗಳ ಜೀವಾಳವಾಯಿತು. 1976ರಲ್ಲಿ ಇಂಟೆಲ್ ‘8085’ನ್ನು ತಂದಿತು. ಹಿಂದಿನ 8080ಕ್ಕೆ ಮೂರು ಬಗೆಯ ವಿದ್ಯುದ್ಬಲ ಒದಗಿಸಬೇಕಾಗಿತ್ತು. ಇದಕ್ಕೆ 5 ವೋಲ್ಟ್ ಒಂದೇ ಸಾಕು. ಹೆಸರಿನ ಕೊನೆಯ 5 ಅದರದೇ ಕುರುಹು. ಅದೇ ವರ್ಷ ಫ್ಯಾಜಿನ್ ಸ್ಥಾಪಿಸಿದ ಝೈಲಾಗ್ ಕಂಪನಿಯಿಂದ ‘ಝಡ್ 80’ ಬಂದಿತು. ಒಂದು ದಶಕದ ಕಾಲ ಜಗತ್ತಿನ ಸಣ್ಣ ಗಣಕಗಳ ಬಹುಪಾಲು ಈ ಮೂರು ನಾಲ್ಕು ಮನೆತನಗಳಿಗೇ ಸೇರಿದವು.

ಮೇಜು, ಕಪಾಟು ಮತ್ತು ಗಡಿಯಾರ

ಇದರ ಕಾರ್ಯವಿಧಾನ ತಿಳಿಯಲು ಒಂದು ಹಳೆಯ ಕಚೇರಿಯನ್ನು ಕಲ್ಪಿಸಿಕೊಂಡರೆ ಸಾಕು. ಗುಮಾಸ್ತನ ಮೇಜಿನ ಮೇಲೆ ಏಳು ಸಣ್ಣ ಚೀಟಿಗಳಿವೆ. ಇವೇ 8080ರ ಏಳು ರಿಜಿಸ್ಟರುಗಳು. ಇವುಗಳಲ್ಲಿ ಒಂದಕ್ಕೆ ‘ಸಂಚಯಕ’ವೆಂದು ಹೆಸರು, ಕೂಡಿಸುವ ಕಳೆಯುವ ಕೆಲಸವೆಲ್ಲ ಮುಖ್ಯವಾಗಿ ಅದರ ಮೇಲೆಯೇ ನಡೆಯತಕ್ಕದ್ದು. ಎದುರಿಗೆ ಗೂಡುಗೂಡಾದ ಒಂದು ಕಪಾಟು, ಅದೇ ಸ್ಮೃತಿಕೋಶ. ಯಾವ ಗೂಡು ಬೇಕೆಂದು ತಿಳಿಸಲು 16 ತಂತಿಗಳಿರುವುದರಿಂದ ಒಟ್ಟು 65,536 ಗೂಡುಗಳನ್ನು ಗುರುತಿಸಬಹುದು. ಗೂಡಿನಿಂದ ಮೇಜಿಗೆ ಚೀಟಿ ತರಲು 8 ತಂತಿಗಳು. ಮುಂದೆ ಯಾವ ಆಜ್ಞೆಯನ್ನು ಓದಬೇಕೆಂಬುದನ್ನು ಬೆರಳಿಟ್ಟು ತೋರಿಸಲು ಒಂದು ಎಣಿಕೆ.

ಈ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವವರಿಗೆ ನಾಡಿಬಡಿತದ ಮಹತ್ತ್ವ ತಿಳಿದೇ ಇದೆ. ಆರೋಗ್ಯವಂತ ಮನುಷ್ಯನ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 72 ಸಲ ಮಿಡಿದರೆ, 8080ರ ನಾಡಿ ಸೆಕೆಂಡಿಗೆ 20 ಲಕ್ಷ ಸಲ ಮಿಡಿಯುತ್ತಿತ್ತು. ಎರಡು ಚೀಟಿಗಳ ಅಂಕಿಗಳನ್ನು ಕೂಡಿಸಲು ಅದಕ್ಕೆ ನಾಲ್ಕು ಮಿಡಿತ ಸಾಕು. ಅಂದರೆ ಸೆಕೆಂಡಿಗೆ 5 ಲಕ್ಷ ಸಂಕಲನ! ಆದರೆ ಈ ಗುಮಾಸ್ತನಿಗೆ ಸ್ವಂತ ಬುದ್ಧಿಯೆಂಬುದು ಲವಲೇಶವೂ ಇಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವನು. ತಪ್ಪು ಹೇಳಿದರೆ ತಪ್ಪನ್ನೂ ಅಷ್ಟೇ ವೇಗವಾಗಿ, ಅಷ್ಟೇ ನಿಷ್ಠೆಯಿಂದ ಮಾಡುವನು.

ಪೈಸೆಯ ಪ್ರಶ್ನೆ

ವಾಣಿಜ್ಯದ ದೃಷ್ಟಿಯಿಂದ ಇಲ್ಲೊಂದು ಸ್ವಾರಸ್ಯವಿದೆ. ಎಂಟು ಬಿಟ್‌ಗಳ ಒಂದು ಚೀಟಿಯಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255. ಎರಡು ಚೀಟಿ ಜೋಡಿಸಿದರೂ 65,535. ಪೈಸೆಯ ಲೆಕ್ಕದಲ್ಲಿ ಅದು 655 ರೂಪಾಯಿ 35 ಪೈಸೆ ಮಾತ್ರ. ಆದ್ದರಿಂದ ಹಲವು ಚೀಟಿಗಳನ್ನು ಸರಪಣಿಯಂತೆ ಪೋಣಿಸಿ, ಒಂದರ ‘ದಶಕ’ವನ್ನು ಇನ್ನೊಂದಕ್ಕೆ ಸಾಗಿಸಿ ಲೆಕ್ಕ ಮಾಡಬೇಕಾಗಿತ್ತು.

ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಯಂತ್ರದ ಎಣಿಕೆ ಎರಡರ ಲೆಕ್ಕದ್ದು, ಮನುಷ್ಯನದು ಹತ್ತರ ಲೆಕ್ಕದ್ದು. ರೂಪಾಯಿಯ ಹತ್ತನೆಯ ಒಂದು ಭಾಗವನ್ನು ಎರಡರ ಭಿನ್ನರಾಶಿಯಲ್ಲಿ ಬರೆಯಲು ಹೊರಟರೆ, ಒಂದನ್ನು ಮೂರರಿಂದ ಭಾಗಿಸಿದಂತೆ, ಅದು ಮುಗಿಯುವುದೇ ಇಲ್ಲ. ಎಲ್ಲಿಯೋ ಕತ್ತರಿಸಬೇಕು, ಕತ್ತರಿಸಿದಲ್ಲಿ ಲವಾಂಶ ಸೋರುತ್ತದೆ. ವಿಜ್ಞಾನಿಗೆ ಇದು ಕ್ಷಮ್ಯವಿರಬಹುದು. ಒಂದು ಪೈಸೆ ತಾಳೆಯಾಗದಿದ್ದರೂ ಲೆಕ್ಕಪರಿಶೋಧಕನು ಕ್ಷಮಿಸಲಾರನು.

ಇದಕ್ಕೆ ಪರಿಹಾರವಾಗಿ 8080ರಲ್ಲಿ ‘ದಶಮಾಂಶ ಹೊಂದಾಣಿಕೆ’ಯ ಒಂದು ಆಜ್ಞೆಯನ್ನು ಅಳವಡಿಸಿದ್ದರು. ಎಂಟು ಬಿಟ್‌ಗಳನ್ನು ನಾಲ್ಕು ನಾಲ್ಕರಂತೆ ಎರಡು ಮನೆಗಳಾಗಿ ಮಾಡಿ, ಒಂದೊಂದರಲ್ಲಿ ಒಂದೊಂದು ಅಂಕಿಯನ್ನಿಡುವುದು ಈ ಕ್ರಮ. ನಾಲ್ಕು ಬಿಟ್‌ಗಳ ಮನೆಯಲ್ಲಿ 15ರವರೆಗೆ ಹಿಡಿಸುತ್ತದೆ. ಆದರೆ ನಮ್ಮ ಅಂಕಿ 9ಕ್ಕೆ ಮುಗಿಯುತ್ತದೆ. ನಡುವಣ ಅಂತರ ಆರು. ಉದಾಹರಣೆಗೆ 38ಕ್ಕೆ 45 ಕೂಡಿಸೋಣ. ಬಿಡಿಸ್ಥಾನದಲ್ಲಿ 8 ಮತ್ತು 5 ಸೇರಿ 13. ಇದು 9ನ್ನು ಮೀರಿತಾದರೂ ಮನೆ ಇನ್ನೂ ತುಂಬಿ ಹರಿಯಲಿಲ್ಲ. ಆಗ ಯಂತ್ರವು ತಾನಾಗಿ ಆರನ್ನು ಸೇರಿಸುತ್ತದೆ. 13 ಮತ್ತು 6 ಸೇರಿ 19. ಅದರಲ್ಲಿ 16 ತುಂಬಿ ಹರಿದು ಎಡಗಡೆಗೆ ಒಂದು ದಶಕವಾಗಿ ಹೋಗುತ್ತದೆ, ಉಳಿಯುವುದು 3. ಎಡಮನೆಯಲ್ಲಿ 3, 4 ಮತ್ತು ಬಂದ 1 ಸೇರಿ 8. ಉತ್ತರ 83. ಲೆಕ್ಕಪತ್ರದ ಹೊಂದಾಣಿಕೆ ನಮೂದಿನಂತೆ ಈ ಆರು ಎಲ್ಲಿಂದಲೋ ಬಂದು, ತನ್ನ ಕೆಲಸ ಮುಗಿಸಿ ಮರೆಯಾಗುತ್ತದೆ. ಆದರೆ 8080ರಲ್ಲಿ ಈ ಸೌಕರ್ಯ ಕೂಡುವುದಕ್ಕೆ ಮಾತ್ರವಿತ್ತು. ಕಳೆಯುವುದಕ್ಕೆ ಬಳಸುದಾರಿ ಹಿಡಿಯಬೇಕಾಗಿತ್ತು. ಜಮೆ, ಖರ್ಚು ಎರಡಕ್ಕೂ ಸಲ್ಲುವಂತೆ ಅದನ್ನು ತಿದ್ದಿದ್ದು ಝಡ್ 80.

ಲೆಡ್ಜರಿನ ರಾತ್ರಿಗಳು

ಈ ಆರರ ಮಹಿಮೆ ಅರಿಯಬೇಕಾದರೆ 1980ಕ್ಕೆ ಹಿಂದಿನ ಬ್ಯಾಂಕ್ ಶಾಖೆಯೊಂದನ್ನು ನೆನೆಯಬೇಕು. ತೋಳಿನಗಲದ ಲೆಡ್ಜರುಗಳು, ಅವುಗಳಲ್ಲಿ ನೂರಾರು ಪುಟಗಳು. ನಿಯತಕಾಲಕ್ಕೆ ಪ್ರತಿ ಖಾತೆಯ ಬಾಕಿಯನ್ನೂ ಇನ್ನೊಂದು ಪುಸ್ತಕಕ್ಕೆ ಇಳಿಸಿ, ಉದ್ದಕ್ಕೂ ಕೂಡಿಸಿ, ಮೂಲ ಖಾತೆಯ ಮೊತ್ತದೊಡನೆ ತಾಳೆ ನೋಡಬೇಕು. ಜೂನ್ 30 ಮತ್ತು ಡಿಸೆಂಬರ್ 31ರ ಅರ್ಧವಾರ್ಷಿಕ ಮುಕ್ತಾಯದಲ್ಲಿ ಗುಮಾಸ್ತರು ಮನೆ ಸೇರುವಾಗ ಎಷ್ಟೋ ಸಲ ನಡುರಾತ್ರಿ ಕಳೆದಿರುತ್ತಿತ್ತು. 27 ರೂಪಾಯಿ ವ್ಯತ್ಯಾಸ ಬಂದರೆ ಅನುಭವಸ್ಥರು ಕೂಡಲೇ ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಭಾಗವಾದರೆ ಯಾರೋ 63ನ್ನು 36 ಎಂದು ತಿರುವುಮುರುವಾಗಿ ಬರೆದಿರುವ ಸಂಭವವುಂಟು. ಇಂತಹ ವಿದ್ಯೆ ಪುಸ್ತಕದಲ್ಲಿರಲಿಲ್ಲ, ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬರುತ್ತಿತ್ತು.

ಈ ಶ್ರಮದ ಬೆಲೆಯನ್ನು ಗುಮಾಸ್ತನೊಬ್ಬನೇ ತೆರುತ್ತಿರಲಿಲ್ಲ, ಗ್ರಾಹಕನೂ ತೆರುತ್ತಿದ್ದನು. ಉಳಿತಾಯ ಖಾತೆಗೆ ದಿನದಿನದ ಬಡ್ಡಿ ಲೆಕ್ಕಹಾಕುವುದು ಕೈಬರಹದಲ್ಲಿ ದುಸ್ಸಾಧ್ಯವಾದುದರಿಂದ, ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಗೆ ಮಾತ್ರ ಬಡ್ಡಿ ಸಲ್ಲುತ್ತಿತ್ತು. 10ರಂದು 1,000 ರೂಪಾಯಿ ಇದ್ದ ಖಾತೆಗೆ 11ರಂದು 20,000 ಬಂದು ತಿಂಗಳಿಡೀ ನಿಂತರೂ ಬಡ್ಡಿ ಬರುತ್ತಿದ್ದುದು 1,000ಕ್ಕೆ ಮಾತ್ರ. ಶಾಖೆಗಳ ಗಣಕೀಕರಣ ತೃಪ್ತಿಕರ ಮಟ್ಟ ಮುಟ್ಟಿತೆಂದು ಕಂಡುಬಂದ ಮೇಲೆ, 2010ರ ಏಪ್ರಿಲ್ 1ರಿಂದ ದಿನವಹಿ ಬಾಕಿಯ ಮೇಲೆ ಬಡ್ಡಿ ಕೊಡುವ ಪದ್ಧತಿಯನ್ನು ರಿಸರ್ವ್ ಬ್ಯಾಂಕು ಜಾರಿಗೆ ತಂದಿತು. ಯಂತ್ರದ ವೇಗವು ಬಡವನ ಪಾಸ್‌ಬುಕ್ಕಿನಲ್ಲಿ ರೂಪಾಯಿಯಾಗಿ ಕಾಣಿಸಿಕೊಂಡ ನಿದರ್ಶನ ಇದಾಗಿದೆ.

ಆದರೆ ಅಲ್ಲಿಗೆ ತಲುಪುವ ಹಾದಿ ಸುಗಮವಾಗಿರಲಿಲ್ಲ. ಯಂತ್ರ ಬಂದರೆ ಮನುಷ್ಯನ ಅನ್ನಕ್ಕೆ ಕಲ್ಲು ಬೀಳುವುದೆಂಬ ಆತಂಕ ನೌಕರರಲ್ಲಿ ವ್ಯಾಪಕವಾಗಿತ್ತು. ಕುಟುಂಬದಲ್ಲಿ ಒಬ್ಬನ ಸಂಬಳವನ್ನೇ ಹತ್ತು ಮಂದಿ ನಂಬಿದ್ದ ಕಾಲದಲ್ಲಿ ಆ ಆತಂಕವನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1983ರಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಯಿತು. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ನೀಡಿ, ಶಾಖೆಗಳಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳನ್ನು ಸ್ಥಾಪಿಸುವ ದಾರಿಯನ್ನು ತೋರಿತು. ಮೈಕ್ರೊಪ್ರೊಸೆಸರನ್ನೇ ಒಡಲಲ್ಲಿಟ್ಟುಕೊಂಡ ಈ ಯಂತ್ರಗಳ ಮೂಲಕವೇ ದೇಶದ ಅನೇಕ ಶಾಖೆಗಳು ಗಣಕವನ್ನು ಮೊದಲು ಕಂಡವು.

ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರಿಗೆ ಚಿರಪರಿಚಿತವಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, ನಿಜಾಮರ ಕಾಲದಲ್ಲಿ 1941ರಲ್ಲಿ ಸ್ಥಾಪನೆಗೊಂಡು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಶಾಖೆಯ ಲೆಡ್ಜರು ಶಾಖೆಯಲ್ಲಿಯೇ ಇದ್ದ ಕಾಲ ಹೋಗಿ, ಎಲ್ಲ ಖಾತೆಗಳೂ ದೂರದ ಒಂದು ಕೇಂದ್ರದಲ್ಲಿ ನೆಲೆಸುವ ಕಾಲ ಬಂದಿರುವಾಗ, ಇಂತಹ ವಿಲೀನಗಳು ಸುಲಭವಾದವೆಂದರೆ ತಪ್ಪಾಗಲಾರದು. ಗಳಿಸಿದ್ದೂ ಉಂಟು, ಕಳೆದುಕೊಂಡದ್ದೂ ಉಂಟು. ನಡುರಾತ್ರಿಯ ತಾಳೆ ತಪ್ಪಿತು. ಜೊತೆಗೆ, ಮೊತ್ತವನ್ನು ಪೆನ್ಸಿಲಿನಿಂದ ಪರೀಕ್ಷಿಸಿ ‘ಸರಿಯಿದೆ’ ಎಂದು ಸಹಿ ಹಾಕುವ ಆತ್ಮವಿಶ್ವಾಸವೂ ತಗ್ಗಿತು. ಲೆಡ್ಜರಿನ ಮೇಲೆ ಬಾಗಿ ಬಾಗಿ ಬರುತ್ತಿದ್ದ ಬೆನ್ನುನೋವಿನ ಜಾಗಕ್ಕೆ, ಪರದೆಯನ್ನು ರೆಪ್ಪೆ ಮಿಟುಕಿಸದೆ ನೋಡಿ ಬರುವ ಕಣ್ಣಿನ ಉರಿ ಬಂದಿತು.

ಹೈದರಾಬಾದಿಗೂ ಬೆಂಗಳೂರಿಗೂ ಒಂದೇ ನಂಟು

ಚುನಾವಣಾ ಆಯೋಗದ ಅಪೇಕ್ಷೆಯ ಮೇರೆಗೆ ಇ.ಸಿ.ಐ.ಎಲ್. ಸಂಸ್ಥೆಯು 1979ರಲ್ಲಿ ಮತಯಂತ್ರದ ಮಾದರಿಯೊಂದನ್ನು ಸಿದ್ಧಪಡಿಸಿತು. 1980ರ ಆಗಸ್ಟ್ 6ರಂದು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಮುಂದೆ ಅದರ ಪ್ರದರ್ಶನ ನಡೆಯಿತು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಮತಯಂತ್ರಗಳು ಬಳಕೆಯಾದವು. ಆದರೆ ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ತೀರ್ಪಿತ್ತಿತು. ಕಾಯಿದೆಗೆ ತಿದ್ದುಪಡಿಯಾಗಿ ಅದು 1989ರ ಮಾರ್ಚ್ 15ರಿಂದ ಜಾರಿಗೆ ಬಂದ ಮೇಲೆಯೇ ದಾರಿ ತೆರೆಯಿತು. 2004ರ ಲೋಕಸಭಾ ಚುನಾವಣೆ ಸಂಪೂರ್ಣವಾಗಿ ಮತಯಂತ್ರಗಳ ಮೂಲಕ ನಡೆಯಿತು. ಹೈದರಾಬಾದಿನ ಇ.ಸಿ.ಐ.ಎಲ್. ಮತ್ತು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಇವೆರಡೇ ಈ ಯಂತ್ರಗಳನ್ನು ತಯಾರಿಸುವ ಸಂಸ್ಥೆಗಳೆಂಬುದು, ಈ ಎರಡು ನಗರಗಳ ನಡುವೆ ಬಾಳು ಹಂಚಿಕೊಂಡ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಎಂಟು ಬಿಟ್‌ಗಳಲ್ಲಿ ಕನ್ನಡ

ಎಂಟು ಬಿಟ್‌ಗಳಿಂದ 256 ಗುರುತುಗಳನ್ನು ಮಾಡಬಹುದು. ಅವುಗಳಲ್ಲಿ ಮೊದಲ 128 ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳ ಪಾಲಾದವು. ಉಳಿದ ಅರ್ಧದಲ್ಲಿ ಭಾರತೀಯ ಲಿಪಿಗಳನ್ನು ಕೂರಿಸುವ ಸಂಕೇತ ಕ್ರಮವು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ರೂಪಗಳು ಸಾವಿರಗಟ್ಟಲೆ. ಅವನ್ನೆಲ್ಲ ಒಂದೊಂದಾಗಿ ಎಣಿಸದೆ, ಮೂಲ ವ್ಯಂಜನ ಮತ್ತು ಸ್ವರಗಳನ್ನು ಮಾತ್ರ ಬರೆದಿಟ್ಟು, ಜೋಡಣೆಯ ಹೊಣೆಯನ್ನು ಯಂತ್ರಕ್ಕೆ ವಹಿಸುವುದೇ ಇದರ ಜಾಣ್ಮೆ. ನುಡಿದಂತೆ ಬರೆಯುವ ನಮ್ಮ ಲಿಪಿಯ ತರ್ಕಬದ್ಧತೆ ಇಲ್ಲಿ ಕೈಹಿಡಿಯಿತು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಇದೇ ತರ್ಕವನ್ನು ಕನ್ನಡಿಗರ ಬೆರಳ ತುದಿಗೆ ತಂದಿತು.

ಮುದುಕನಿಗೂ ಕೆಲಸವುಂಟು

ಹಳೆಯ ಚಿಪ್‌ಗಳು ಬೇಗ ಕಣ್ಮರೆಯಾಗಲಿಲ್ಲ. 1997ರ ಜುಲೈಯಲ್ಲಿ ಮಂಗಳ ಗ್ರಹದ ನೆಲದ ಮೇಲೆ ಓಡಾಡಿದ ಅಮೆರಿಕದ ಸೋಜರ್ನರ್ ಎಂಬ ಪುಟ್ಟ ಬಂಡಿಗೆ ಸಾರಥ್ಯ ವಹಿಸಿದ್ದು 8085ರ ಒಂದು ಪ್ರಭೇದ. ಸ್ವತಂತ್ರ ಚಿಪ್ ಆಗಿ ಝಡ್ 80ರ ತಯಾರಿಕೆಯನ್ನು ನಿಲ್ಲಿಸುವುದಾಗಿ ಅದರ ಕಂಪನಿ ಪ್ರಕಟಿಸಿದ್ದು 2024ರಲ್ಲಿ, ಹುಟ್ಟಿದ 48 ವರ್ಷಗಳ ಅನಂತರ. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ವಿದ್ಯಾರ್ಥಿಗಳ ಹಲವು ತಲೆಮಾರುಗಳು 8085ರ ತರಬೇತಿ ಫಲಕದ ಮುಂದೆ ಕುಳಿತು, ಹದಿನಾರರ ಲೆಕ್ಕದ ಕೀಲಿಗಳನ್ನು ಒತ್ತಿ, ಕೆಂಪು ಅಂಕಿಗಳಲ್ಲಿ ತಮ್ಮ ಮೊದಲ ಉತ್ತರವನ್ನು ಕಂಡಿವೆ.

ಇಷ್ಟು ಹಳೆಯದನ್ನು ಏಕೆ ಕಲಿಯಬೇಕೆಂದು ಕೇಳುವವರಿದ್ದಾರೆ. ಉತ್ತರ ಸರಳವಾಗಿದೆ. ಇಂದಿನ ಕೈಫೋನಿನೊಳಗಿನ ಚಿಪ್‌ನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಅದರ ನಡೆಯನ್ನು ಆದ್ಯಂತವಾಗಿ ಒಬ್ಬ ಮನುಷ್ಯನು ತಿಳಿಯಲಾರನು. ಕೆಲವು ಸಾವಿರ ಟ್ರಾನ್ಸಿಸ್ಟರುಗಳ 8080, 8085ಗಳನ್ನಾದರೋ ಶ್ರದ್ಧೆಯುಳ್ಳ ವಿದ್ಯಾರ್ಥಿಯು ಒಂದು ವರ್ಷದಲ್ಲಿ ಪೂರ್ತಿಯಾಗಿ ಅರಿಯಬಲ್ಲನು. ಕೈಯಿಂದ ಲೆಡ್ಜರ್ ಬರೆದವನಿಗೆ ಪರದೆಯ ಮೇಲಿನ ಮೊತ್ತದ ಅರ್ಥ ಹೇಗೆ ತಿಳಿದಿರುತ್ತದೆಯೋ, ಹಳೆಯ ಚಿಪ್ಪನ್ನು ಅರಿತವನಿಗೆ ಹೊಸದರ ಮರ್ಮವೂ ಹಾಗೆಯೇ ತಿಳಿಯುತ್ತದೆ.

ಮುಂದೆ ಎಂದಾದರೂ ಮನೆಯ ಅಟ್ಟದ ಮೇಲೆ ಧೂಳು ಹಿಡಿದ ಹಳೆಯ ಗಣಕವೋ ತರಬೇತಿ ಫಲಕವೋ ಸಿಕ್ಕಿದರೆ, ಗುಜರಿಯವನಿಗೆ ಕೊಡುವ ಮುನ್ನ ಅದನ್ನೊಮ್ಮೆ ಮಕ್ಕಳಿಗೆ ತೋರಿಸುವುದು ಒಳ್ಳೆಯದು. ನಲವತ್ತು ಕಾಲುಗಳ ಆ ಕಪ್ಪು ಗುಮಾಸ್ತನಿಗೆ 38ಕ್ಕೆ 45 ಕೂಡಿಸಲು ಹೇಳಿದರೆ, ಆರನ್ನು ಸೇರಿಸಿ 83 ಎಂದು ಅವನು ಇಂದಿಗೂ ತಪ್ಪದೆ ಹೇಳುವನು.